ಇನ್ನೂರ ಒಂದರಲ್ಲಿ ಒಬ್ಬ ನ್ಯಾಯಾಧೀಶ

ನಮ್ಮ ಅಥೆನ್ಸಿನಲ್ಲಿ ನ್ಯಾಯಾಧೀಶನಾಗಲು ಮೂರು ಅರ್ಹತೆ ಸಾಕು. ಊರಿನವನಾಗಿರಬೇಕು, ಮೂವತ್ತು ತುಂಬಿರಬೇಕು, ಬೆಳಗಿನ ಜಾವ ಎದ್ದು ಸಾಲಿನಲ್ಲಿ ನಿಲ್ಲಬೇಕು. ನಮ್ಮ ಭಾವ ಸಿಮಿಲೋಸರಿಗೆ ಮೊದಲೆರಡು ತಾವಾಗಿಯೇ ಒದಗಿ ಬಂದಿದ್ದವು. ಮೂರನೆಯದನ್ನು ನನ್ನ ಅಕ್ಕ ನಿಕಾರೆತೆ ಅವರ ಹೊದಿಕೆ ಎಳೆದು ಒದಗಿಸಿದಳು.

ಭಾವನವರ ಕಸುಬು ಅಮೃತಶಿಲೆ ಉಜ್ಜುವುದು. ಯಾರೋ ಕಡೆದ ದೇವರನ್ನು ಮರಳು ಹಾಕಿ ತಿಕ್ಕಿ ನುಣುಪು ಮಾಡುತ್ತಾರೆ. ದೇವರ ಮೂಗು ಯಾರದು, ಗಲ್ಲ ಯಾರದು ಎಂದು ಅವರನ್ನು ಯಾರೂ ಕೇಳುವುದಿಲ್ಲ. ಮೂವತ್ತು ವರ್ಷ ಹೀಗೆ ಯಾರೂ ಏನೂ ಕೇಳದೆ ಕಳೆದ ಮನುಷ್ಯನಿಗೆ ಆ ವರ್ಷದ ನ್ಯಾಯಾಧೀಶರ ಪಟ್ಟಿಯಲ್ಲಿ ಹೆಸರು ಬಂತು. ಆರು ಸಾವಿರ ಹೆಸರುಗಳಲ್ಲಿ ಒಂದು. ಪ್ರಮಾಣವಚನ ಮುಗಿಸಿ ಮನೆಗೆ ಬಂದಾಗ ಕೈಯಲ್ಲಿ ಒಂದು ಕಂಚಿನ ತಗಡಿತ್ತು. ಅದರ ಮೇಲೆ ಅವರ ಹೆಸರು, ಅಪ್ಪನ ಹೆಸರು, ಕೇರಿಯ ಹೆಸರು ಕೊರೆದಿತ್ತು. ಅಕ್ಕ ಅದನ್ನು ತಿರುಗಿಸಿ ನೋಡಿ, ಮುಳ್ಳು ತೆಗೆಯಲು ಮೀನಿನ ಬಟ್ಟಲ ಪಕ್ಕ ಇಟ್ಟಳು. ಭಾವನವರು ಅದನ್ನು ಎತ್ತಿ ತೊಳೆದು ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡರು.

ನಮ್ಮ ಮಾತಿನಲ್ಲಿ ಈ ಹುದ್ದೆಗೆ ದಿಕಾಸ್ತೆಸ್ ಎನ್ನುತ್ತೇವೆ. ದಿಕೆ ಎಂದರೆ ನ್ಯಾಯ. ನಾಟಕದ ಪಂದ್ಯದಲ್ಲಿ ಬಹುಮಾನ ಯಾರಿಗೆಂದು ಹೇಳುವವನಿಗೆ ಬೇರೆ ಹೆಸರಿದೆ. ಅರವತ್ತು ತುಂಬುವ ವರ್ಷ ಜಗಳಗಂಟರನ್ನು ಕೂರಿಸಿ ರಾಜಿ ಮಾಡಿಸುವ ಮುದುಕನಿಗೆ ಇನ್ನೊಂದು ಹೆಸರಿದೆ. ಅವರಿಬ್ಬರೂ ತೀರ್ಪನ್ನು ಬಾಯಿ ಬಿಟ್ಟು ಹೇಳಬೇಕು. ದಿಕಾಸ್ತೆಸ್ ಎನ್ನುವವನು ಬೆಂಚಿನ ಮೇಲೆ ಇನ್ನೂರೋ ಐನೂರೋ ಜನರ ನಡುವೆ ಮೊಣಕೈಗೆ ಮೊಣಕೈ ತಾಗಿಸಿ ಕೂರಬೇಕು, ಎರಡೂ ಕಡೆಯ ಮಾತು ಕೇಳಬೇಕು, ಯಾರೊಡನೆಯೂ ಚರ್ಚಿಸದೆ ಒಂದು ಬಿಲ್ಲೆ ಹಾಕಿ ಮನೆಗೆ ಬರಬೇಕು. ಇಷ್ಟು ನಮ್ಮೂರಿನ ಮಕ್ಕಳಿಗೂ ಗೊತ್ತು. ಭಾವನವರಿಗೂ ಗೊತ್ತಿತ್ತು. ತಗಡು ಕೊರಳಿಗೆ ಬಿದ್ದ ಮೇಲೆ ಮರೆತುಹೋಯಿತು.

ಮೊದಲ ತೀರ್ಪು ಬಾವಿಕಟ್ಟೆಯ ಬಳಿ ನಡೆಯಿತು. ಹಗ್ಗ ಯಾರದೆಂದು ಇಬ್ಬರು ಹೆಂಗಸರು ಜಗಳವಾಡುತ್ತಿದ್ದರು. ಭಾವನವರು ಮನೆಯಿಂದ ಒಂದು ಗಡಿಗೆ ತಂದು, ನ್ಯಾಯಸ್ಥಾನದಲ್ಲಿ ಹೊತ್ತು ಅಳೆಯುವ ಹಾಗೆ ಬುಡಕ್ಕೆ ತೂತು ಕೊರೆದು, ನೀರು ತುಂಬಿಸಿ, "ಇದು ಖಾಲಿಯಾಗೋವರ್ಗೂ ವಾದಿ ಮಾತಾಡ್ಲಿ. ಆಮೇಲೆ ಪ್ರತಿವಾದಿ" ಎಂದರು. ತಮ್ಮಲ್ಲಿ ವಾದಿ ಯಾರೆಂದು ಆ ಹೆಂಗಸರು ಹೊಸದಾಗಿ ಜಗಳ ತೆಗೆದರು. ನೀರು ಮುಗಿಯುವ ಹೊತ್ತಿಗೆ ಇಬ್ಬರೂ ಒಂದಾಗಿ ಭಾವನವರನ್ನು ಬೈಯುತ್ತಿದ್ದರು. ಹಗ್ಗ ಹಾಗೆಯೇ ಬಾವಿಯೊಳಗೆ ಬಿತ್ತು.

"ಒಳ್ಳೇ ಗಡಿಗೆ ಹಾಳು ಮಾಡಿದ್ರಲ್ರೀ" ಎಂದಳು ಅಕ್ಕ.

"ನ್ಯಾಯಾಧೀಶನ ಮನೇಲಿ ಗಡಿಗೆ ಲೆಕ್ಕ ಮಾಡ್ಬಾರ್ದು."

"ಇನ್ನೂರು ಜನ ಸೇರಿದ್ರೆ ಒಬ್ಬ ನ್ಯಾಯಾಧೀಶ ಆಗೋದು. ಅದ್ರಲ್ಲಿ ನೀವು ಯಾವ್ದು, ಕೈಯೋ ಕಾಲೋ? ತಿಳಿಸಿಬಿಟ್ರೆ ಆ ಭಾಗಕ್ಕೆ ಮಾತ್ರ ಮರ್ಯಾದೆ ಕೊಡ್ತೀನಿ."

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರೆ. ನಮ್ಮ ಭಾವನವರಿಗೆ ಐಶ್ವರ್ಯವೂ ಬಂದಿರಲಿಲ್ಲ. ದಿನಾ ಬೆಳಿಗ್ಗೆ ಹೋಗಿ ತಗಡನ್ನು ಚೀಟಿ ಎತ್ತುವ ಕಲ್ಲಿನ ಸೀಳಿಗೆ ಸಿಕ್ಕಿಸುತ್ತಿದ್ದರು. ಅವರ ಸಾಲಿಗೆ ಬಿಳಿ ಗುಂಡು ಬಿದ್ದರೆ ಕೆಲಸ, ಕರಿ ಗುಂಡು ಬಿದ್ದರೆ ಮನೆ. ಸತತ ಹನ್ನೊಂದು ದಿನ ಕರಿ ಗುಂಡು ಬಿತ್ತು. ಹೀಗಾಗಿ ಒಂದು ಮೊಕದ್ದಮೆಯನ್ನೂ ಕೇಳದೆಯೇ ಅವರು ಕೇರಿಯಲ್ಲಿ ಹಿರಿಯ ನ್ಯಾಯಾಧೀಶರಾದರು.

ಆಗಲೇ ಬೆಂಕಿ ಬಿದ್ದದ್ದು.

ನಮ್ಮ ಕೇರಿಯಲ್ಲಿ ಕಿತ್ತೋಸ ಎಂಬ ಕುಂಬಾರನಿದ್ದಾನೆ. ಅವನು ಮಡಕೆ ಸುಡುವ ಆವಿಗೆಯ ಹಿಂದಿನ ಮನೆ ಉಣ್ಣೆ ವ್ಯಾಪಾರಿ ಅಂಫಿಯಾಸನದು. ಗಾಳಿ ಜೋರಾಗಿದ್ದ ಒಂದು ಸಂಜೆ ಅಂಫಿಯಾಸನ ಮಾಳಿಗೆಯ ಜೊಂಡಿನ ಸೂರು ಹೊತ್ತಿಕೊಂಡು, ಚಳಿಗಾಲಕ್ಕೆಂದು ಕೂಡಿಟ್ಟ ಉಣ್ಣೆಯೆಲ್ಲ ಉರಿದುಹೋಯಿತು. ಕಿಡಿ ಆವಿಗೆಯಿಂದ ಹಾರಿತು ಎಂದ ಅಂಫಿಯಾಸ. ಅವನದೇ ಮಾಳಿಗೆಯ ಮೇಲೆ ಅಡುಗೆಯವಳು ಅಗ್ಗಿಷ್ಟಿಕೆ ಹಚ್ಚಿದ್ದಳು ಎಂದ ಕಿತ್ತೋಸ. ನೋಡಿದವರು ಯಾರೂ ಇಲ್ಲ. ರಾಜಿ ಮಾಡಿಸಬೇಕಾದ ಮುದುಕ ಮೂರು ಬಾರಿ ಕೂತು ಮೂರು ಬಾರಿಯೂ ನಿದ್ದೆ ಹೋದ. ವ್ಯಾಜ್ಯ ನ್ಯಾಯಸ್ಥಾನಕ್ಕೆ ಹತ್ತಿತು. ಅಂಫಿಯಾಸ ಕೇಳಿದ ನಷ್ಟಪರಿಹಾರವೆಷ್ಟೆಂದರೆ, ಸೋತರೆ ಕಿತ್ತೋಸ ಆವಿಗೆಯನ್ನೂ ಅದರ ಪಕ್ಕದ ಮನೆಯನ್ನೂ ಬಿಟ್ಟು ಎದ್ದು ಹೋಗಬೇಕು. ಮೂರು ತಲೆಮಾರಿನ ಆವಿಗೆ ಅದು. ಅವನಿಗೆ ಮಣ್ಣು ಬಿಟ್ಟರೆ ಬೇರೇನೂ ಬಾರದು.

ಕಿತ್ತೋಸ ಒಂದು ಹೊಸ ಜಾಡಿ ಹೊತ್ತುಕೊಂಡು ಭಾವನವರ ಮನೆಗೆ ಬಂದ. ಚಪ್ಪಲಿಯ ಅಳತೆ ತೆಗೆಯಲು ಬಂದವನಂತೆ ನಾನೂ ಅಲ್ಲೇ ಕುಳಿತಿದ್ದೆ. ನನ್ನ ಚಪ್ಪಲಿ ಅಂಗಡಿ ಪಕ್ಕದ್ದೇ ಆದರೂ ಅಕ್ಕನ ಮನೆಯ ಬಾಗಿಲಲ್ಲಿ ನೆರಳು ಹೆಚ್ಚು.

"ಸಿಮಿಲೋಸಣ್ಣ, ನಮ್ಮ ವ್ಯಾಜ್ಯ ನೀನೇ ನೋಡ್ಕೋಬೇಕು" ಎಂದ.

ಯಾವ ದಿನ ಯಾರು ಯಾವ ನ್ಯಾಯಸ್ಥಾನದಲ್ಲಿ ಕೂರುತ್ತಾರೆಂದು ಆ ಬೆಳಿಗ್ಗೆಯವರೆಗೆ ದೇವರಿಗೂ ಗೊತ್ತಿರುವುದಿಲ್ಲ. ಲಂಚ ಕೊಡಲು ಯಾರೂ ಸಿಗಬಾರದೆಂದೇ ನಮ್ಮ ಹಿರಿಯರು ಹಾಗೆ ಮಾಡಿದ್ದಾರೆ. "ಅದು ನನ್ನ ಕೈಲಿಲ್ಲ ಕಣೋ" ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಭಾವನವರು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, "ನ್ಯಾಯ ಏನಿದ್ಯೋ ಅದನ್ನ ನೋಡ್ಕೋತೀನಿ" ಎಂದರು. ನ್ಯಾಯ ತನ್ನ ಕಡೆಯೇ ಇದೆಯೆಂದು ನಂಬಿದ್ದ ಕಿತ್ತೋಸ ಕಣ್ಣೊರೆಸಿಕೊಂಡು ಹೋದ.

ಮರುದಿನ ಅಂಫಿಯಾಸ ಬಂದ. ಅವನ ಕೈಯಲ್ಲಿ ಸೊಪ್ಪು ಸುತ್ತಿದ ಹಾವುಮೀನಿತ್ತು, ಕೊಪಾಯಿಸ್ ಕೆರೆಯದು, ನನ್ನ ತೋಳಿನಷ್ಟು ದಪ್ಪ. "ನಮ್ಮ ವಿಷ್ಯ ತಮಗೆ ಗೊತ್ತೇ ಇದೆ" ಎಂದ. ಭಾವನವರು ಅದೇ ಗಂಟಲು ಸರಿಮಾಡಿಕೊಂಡು ಅದೇ ಮಾತು ಹೇಳಿದರು. ನ್ಯಾಯ ತನ್ನ ಕಡೆಯೇ ಇದೆಯೆಂದು ಅವನೂ ನಂಬಿದ್ದ.

ಅಕ್ಕ ಹಾವುಮೀನನ್ನು ಕಿತ್ತೋಸನ ಜಾಡಿಯಲ್ಲಿ ಉಪ್ಪು ಹಾಕಿ ಇಟ್ಟಳು. "ವಾದಿ ಪ್ರತಿವಾದಿ ಇಬ್ರೂ ಒಂದೇ ಕಡೆ ಸೇರಿದ್ದಾರೆ. ಹೋಗಿ ತೀರ್ಪು ಕೊಡಿ" ಎಂದಳು. ಅಂದು ಸಂಜೆ ಭಾವನವರು ಎರಡು ಸಲ ಬಡಿಸಿಕೊಂಡರು. ನಾನೂ ಉಂಡೆ, ಸುಳ್ಳು ಹೇಳುವುದಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಕೆಡುಕಾಗುತ್ತಿರಲಿಲ್ಲ. ನಮ್ಮೂರಿನಲ್ಲಿ ಪ್ರತಿಯೊಬ್ಬನೂ ತನ್ನ ವಾದವನ್ನು ತಾನೇ ಮಾಡಬೇಕು. ಮಾತು ಬಾರದವನು ಬರೆಯುವವನಿಂದ ಬರೆಸಿಕೊಂಡು ಬಾಯಿಪಾಠ ಮಾಡುತ್ತಾನೆ. ಕಿತ್ತೋಸ ಆರು ಜಾಡಿ ಕೊಟ್ಟು ಒಂದು ಭಾಷಣ ಬರೆಸಿದ. ದಿನಾ ಸಂಜೆ ಬಂದು ಅದನ್ನು ಭಾವನವರಿಗೆ ಒಪ್ಪಿಸತೊಡಗಿದ.

"ಘನತೆವೆತ್ತ ನ್ಯಾಯಾಧೀಶರೇ, ವಾಯುವಿನ ಪಥವನ್ನು ಬಲ್ಲ ಮರ್ತ್ಯನಾವನು" ಎಂದು ಶುರುವಾಗುತ್ತಿತ್ತು. ಮಣ್ಣು ಮೆತ್ತಿದ ಮೊಣಕಾಲು ಬಿಟ್ಟುಕೊಂಡು ಕಿತ್ತೋಸ ಹಾಗೆನ್ನುವಾಗ ಅಕ್ಕ ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು. ಅವನು ಮರೆತಾಗಲೆಲ್ಲ ಭಾವನವರು ಮುಂದಿನ ಸಾಲು ಎತ್ತಿಕೊಡುತ್ತಿದ್ದರು. ಹದಿನೈದು ದಿನಗಳಲ್ಲಿ ಭಾಷಣ ಪೂರ್ತಿ ಬಾಯಿಗೆ ಬಂತು. ಬಂದದ್ದು ಭಾವನವರಿಗೆ.

"ಭಾವ, ಅಕಸ್ಮಾತ್ ಅವತ್ತು ನಿಮ್ಮನ್ನೇ ಆರಿಸಿಬಿಟ್ರೆ?" ಎಂದು ಕೇಳಿದೆ.

"ಇಷ್ಟು ದಿನದಿಂದ ಆರಿಸದವ್ರು ಅವತ್ತೇ ಆರಿಸ್ತಾರೇನೋ, ಸೋತಿಯಾನ್" ಎಂದು ನನ್ನ ಹೆಸರು ಹಿಡಿದು ನಕ್ಕರು.

ವ್ಯಾಜ್ಯದ ದಿನ ಬಿಳಿ ಗುಂಡು ಬಿತ್ತು. ಬುಟ್ಟಿಯಿಂದ ಎತ್ತಿಕೊಂಡ ಗುರುತಿನ ಪ್ರಕಾರ ಭಾವನವರಿಗೆ ಹಸಿರು ಬಣ್ಣದ ಕೋಲು ಸಿಕ್ಕಿತು. ಹಸಿರು ಬಾಗಿಲಿನ ನ್ಯಾಯಸ್ಥಾನ ಹುಡುಕಿ ಒಳಗೆ ಹೋಗಿ ಕುಳಿತ ಮೇಲೆ ನೋಡುತ್ತಾರೆ, ಎದುರಿನ ಎರಡು ಕಟ್ಟೆಗಳ ಮೇಲೆ ಕಿತ್ತೋಸನೂ ಅಂಫಿಯಾಸನೂ ನಿಂತಿದ್ದಾರೆ. ಇಬ್ಬರೂ ಅವರನ್ನು ಕಂಡರು. ಇಬ್ಬರ ಮುಖವೂ ಅರಳಿತು. ನಾನು ಕಟಕಟೆಯ ಹೊರಗೆ ನೋಡುವವರ ಗುಂಪಿನಲ್ಲಿ ನಿಂತಿದ್ದೆ. ಭಾವನವರ ಮುಖ ಅವರೇ ಉಜ್ಜಿದ ಕಲ್ಲಿನ ಬಣ್ಣಕ್ಕೆ ತಿರುಗಿತ್ತು.

ಅಂಫಿಯಾಸ ಮೊದಲು ಮಾತನಾಡಿದ. ಚೆನ್ನಾಗಿಯೇ ಮಾತನಾಡಿದ. ಸುಟ್ಟ ಉಣ್ಣೆಯ ಒಂದು ಹಿಡಿ ತಂದು ತೋರಿಸಿದ. "ನ್ಯಾಯಾಧೀಶರೇ" ಎಂದು ಅವನು ಕರೆದಾಗಲೆಲ್ಲ ಭಾವನವರು ಬೆಂಚಿನಲ್ಲಿ ಸ್ವಲ್ಪ ಕೆಳಗೆ ಜಾರುತ್ತಿದ್ದರು. ಇಷ್ಟು ದಿನ ಆ ಮಾತು ಕೇಳಲು ಕಾತರಿಸುತ್ತಿದ್ದ ಮನುಷ್ಯ. ಈಗ ಆ ಮಾತು ಹಿಂದಿನ ಬೆಂಚಿನವನಿಗೆ ತಾಗಲಿ ಎಂದು ತಲೆ ತಗ್ಗಿಸಿದ್ದರು.

ಆಮೇಲೆ ಕಿತ್ತೋಸನ ಸರದಿ. ಗಡಿಗೆಗೆ ನೀರು ತುಂಬಿದರು. ಅವನು ವಾಯುವಿನ ಪಥ, ಮರ್ತ್ಯನ ಮಿತಿ ಎಲ್ಲ ದಾಟಿ, ಅಗ್ನಿಯ ಸ್ವಭಾವಕ್ಕೆ ಬಂದು ನಿಂತುಹೋದ. ನೀರು ತೊಟ್ಟಿಕ್ಕುತ್ತಿತ್ತು. ಕಿತ್ತೋಸ ಆಕಾಶ ನೋಡಿದ, ನೆಲ ನೋಡಿದ, ಕೊನೆಗೆ ನೇರವಾಗಿ ನಾಲ್ಕನೆಯ ಸಾಲನ್ನು ನೋಡಿದ.

"ಸಿಮಿಲೋಸಣ್ಣ, ಮುಂದೇನು?"

ಭಾವನವರು ಮುಂದಿನ ಬೆಂಚಿನವನ ಬೆನ್ನ ಹಿಂದೆ ತಲೆ ಅಡಗಿಸಿದರು.

"ಅಗ್ನಿ ಆದ್ಮೇಲೆ ಏನೋ ಬರ್ತಿತ್ತಲ್ಲಣ್ಣ. ನಿನ್ನೆ ನೀನೇ ಹೇಳ್ಕೊಟ್ಯಲ್ಲ."

ಇನ್ನೂರು ತಲೆಗಳು ಒಟ್ಟಿಗೆ ತಿರುಗಿದವು. ಕೆಲವರು ನಕ್ಕರು, ಕೆಲವರು ಕೂಗಿದರು, ಸಾರುವವನು ಕೋಲು ಬಡಿದ. ಅಂಫಿಯಾಸ ಎರಡೂ ಕೈ ಮೇಲೆತ್ತಿ, ಭಾವನವರನ್ನು ನೋಡಿ, ಹಾವುಮೀನು ತಿಂದವನನ್ನು ನೋಡುವ ಹಾಗೆಯೇ ನೋಡಿದ. ಅದನ್ನು ಬಾಯಿ ಬಿಟ್ಟು ಹೇಳಿದರೆ ಅವನ ಕೊರಳಿಗೇ ಬರುತ್ತಿತ್ತು. ಆದ್ದರಿಂದ ಕೈ ಇಳಿಸಿದ. ಭಾವನವರಿಗೆ ಅತ್ತ ದರಿ, ಇತ್ತ ಪುಲಿ. ಮುಂದಿನ ಸಾಲು ಅವರ ನಾಲಿಗೆಯ ತುದಿಯಲ್ಲೇ ಇತ್ತು. ತುಟಿ ಬಿಗಿದುಕೊಂಡು ಕೂತರು. ಎರಡೂ ಕಡೆಯನ್ನು ಸಮವಾಗಿ ಕೇಳುತ್ತೇನೆ ಎಂದು ಪ್ರಮಾಣ ಮಾಡಿದ್ದು ಅವರಿಗೆ ಆ ವರ್ಷದಲ್ಲಿ ಮೊದಲ ಬಾರಿಗೆ ನೆನಪಾಯಿತು ಎಂದು ಕಾಣುತ್ತದೆ. ನನಗೆ ಅವರನ್ನು ನೋಡಿ ನಗು ಬರಲಿಲ್ಲ, ಪಾಪ ಎನಿಸಿತು.

ಕೊನೆಗೆ ಕಿತ್ತೋಸ ಭಾಷಣ ಬಿಟ್ಟು ತನ್ನ ಮಾತಿನಲ್ಲೇ ಹೇಳಿದ: "ನಂಗೆ ಬರೋದು ಇಷ್ಟೇ. ಅವ್ರ ಸೂರು ಹೋಯ್ತು, ಅದ್ಕೆ ನಂಗೂ ಸಂಕ್ಟ ಆಯ್ತದೆ. ಆವಿಗೆ ಹೋದ್ರೆ ನಾನೂ ಹೋದಂಗೆ." ನೀರು ಮುಗಿಯಿತು.

ಈಗ ಬಿಲ್ಲೆಗಳ ವಿಷಯ. ಪ್ರತಿಯೊಬ್ಬ ನ್ಯಾಯಾಧೀಶನಿಗೂ ಎರಡು ಕಂಚಿನ ಬಿಲ್ಲೆ ಕೊಡುತ್ತಾರೆ. ಎರಡರ ನಡುವೆಯೂ ಒಂದು ಸಣ್ಣ ಕಡ್ಡಿ ಹಾದಿರುತ್ತದೆ. ಟೊಳ್ಳು ಕಡ್ಡಿಯದು ವಾದಿಗೆ, ಗಟ್ಟಿ ಕಡ್ಡಿಯದು ಪ್ರತಿವಾದಿಗೆ. ಕಡ್ಡಿಯ ಎರಡು ತುದಿಗಳನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಮುಚ್ಚಿ ಹಿಡಿದರೆ ಯಾವುದು ಯಾವುದೆಂದು ಪಕ್ಕದವನಿಗೆ ತಿಳಿಯುವುದಿಲ್ಲ. ಬೇಕಾದ್ದನ್ನು ಕಂಚಿನ ಕೊಡಕ್ಕೆ, ಬೇಡದ್ದನ್ನು ಮರದ ಕೊಡಕ್ಕೆ ಹಾಕಬೇಕು. ಹಿಡಿದವನಿಗೆ ಮಾತ್ರ ಬೆರಳ ತುದಿಯಲ್ಲಿ ತೂತು ತಿಳಿಯುತ್ತದೆ.

ಭಾವನವರು ಸಾಲಿನಲ್ಲಿ ನಿಂತರು. ಹಿಂದಿನವನು, ಮುಂದಿನವನು, ಕೊಡ ಕಾಯುವವನು, ಎಲ್ಲರ ಕಣ್ಣೂ ಅವರ ಕೈ ಮೇಲೆ. ಅವರು ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡರು. ಅಷ್ಟರಲ್ಲಿ ಹಿಂದಿನವನು ತಳ್ಳಿದ. ಬಿಲ್ಲೆಗಳೆರಡೂ ನೆಲಕ್ಕೆ ಬಿದ್ದವು. ಭಾವನವರು ಕಣ್ಣು ಮುಚ್ಚಿಕೊಂಡು, ಯಾರಿಗೂ ಕಾಣದಂತೆ ಹೊದಿಕೆಯನ್ನೇ ಅವುಗಳ ಮೇಲೆ ಕವುಚಿ ಹೆಕ್ಕಿಕೊಂಡರು. ತುದಿಗಳನ್ನು ಭದ್ರವಾಗಿ ಮುಚ್ಚಿ, ಒಂದನ್ನು ಕಂಚಿನ ಕೊಡಕ್ಕೂ ಇನ್ನೊಂದನ್ನು ಮರದ ಕೊಡಕ್ಕೂ ಹಾಕಿ, ಹಿಂತಿರುಗಿ ನೋಡದೆ ನಡೆದರು.

ಕಂಚಿನ ಕೊಡದ ಬಿಲ್ಲೆಗಳನ್ನು ಎಣಿಸುವ ಹಲಗೆಯ ಮೇಲೆ ಜೋಡಿಸಿ ಸಾರಿದರು. ಟೊಳ್ಳು ನೂರು. ಗಟ್ಟಿ ನೂರ ಒಂದು.

ಕಿತ್ತೋಸ ಕಟ್ಟೆಯ ಮೇಲೆಯೇ ಕುಕ್ಕರಿಸಿದ. ಅವನ ಹೆಂಡತಿ ಹೊರಗೆ ಬಾಗಿಲ ಬಳಿ ಅಳುತ್ತಿದ್ದಳು. ನಾನು ಓಡಿಹೋಗಿ ಭಾವನವರ ಕೈ ಹಿಡಿದು, "ಒಂದೇ ಒಂದು ಬಿಲ್ಲೆಯಲ್ಲಿ ಉಳಿಸಿಬಿಟ್ರಲ್ಲ ಭಾವ" ಎಂದೆ. ಅವರು ತಲೆ ತಗ್ಗಿಸಿ ಕೈ ಬಿಡಿಸಿಕೊಂಡರು. ವಿನಯ ಎಂದುಕೊಂಡೆ. ಅವರಲ್ಲಿ ವಿನಯವನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲವಾದ್ದರಿಂದ ಗುರುತು ಹಿಡಿಯುವುದು ಕಷ್ಟವಾಯಿತು.

ಮರುದಿನ ಕಿತ್ತೋಸನ ಹೆಂಡತಿ ಬಂದು ಭಾವನವರ ಕಾಲು ಹಿಡಿದಳು. ಅದರ ಮರುದಿನ ಅಂಫಿಯಾಸ ಬಂದು ಅವರ ಹೆಗಲು ತಟ್ಟಿ, "ನೀವು ನನ್ನ ಕಡೇನೇ ಹಾಕಿದ್ದು ಅಂತ ಗೊತ್ತು. ಒಂದ್ರಲ್ಲಿ ಹೋಯ್ತು, ನೀವೇನ್ ಮಾಡೋಕಾಗುತ್ತೆ" ಎಂದ. ಭಾವನವರು ಇಬ್ಬರಿಗೂ ತಲೆಯಾಡಿಸಿದರು. ಊಟ ಬಿಟ್ಟರು. ಬೆಳಗಿನ ಸಾಲಿಗೂ ಹೋಗಲಿಲ್ಲ. ನಾಲ್ಕನೆಯ ದಿನ ಅಕ್ಕ ನನ್ನನ್ನು ಕರೆದು, ಬಾಗಿಲು ಹಾಕಿ, ಅವರ ಮುಂದೆ ಕುಳಿತಳು.

"ಏನಾಯ್ತು ಹೇಳಿ. ಅಂಫಿಯಾಸನಿಗೆ ಹಾಕಿದ್ರಾ?"

"ಗೊತ್ತಿಲ್ಲ."

"ಕಿತ್ತೋಸನಿಗಾ?"

"ಗೊತ್ತಿಲ್ಲ ಕಣೇ. ಕಿತ್ತೋಸನಿಗೆ ಹಾಕ್ಬೇಕು ಅಂತಿದ್ದೆ. ಬಿತ್ತಲ್ಲ. ಎತ್ಕೊಂಡೆ. ತುದಿ ಮುಚ್ಚಿ ಹಿಡ್ದೆ."

"ಬೆರಳಿಗೆ ತೂತು ಗೊತ್ತಾಗಲ್ವಾ?"

ಭಾವನವರು ತಮ್ಮ ಎರಡೂ ಕೈಗಳನ್ನು ಅವಳ ಮುಂದೆ ಚಾಚಿದರು. ಮೂವತ್ತು ವರ್ಷ ಕಲ್ಲು ತಿಕ್ಕಿದ ಬೆರಳುಗಳು, ಗೊರಸಿನಷ್ಟು ದಪ್ಪ ಚರ್ಮ. ಆ ಬೆರಳಿನಲ್ಲಿ ಅವರು ಒಲೆಯಿಂದ ಕೆಂಡ ಎತ್ತುತ್ತಾರೆ. ಅವಕ್ಕೆ ಬಿಲ್ಲೆಯ ತೂತು ಯಾವ ಲೆಕ್ಕ. ಯಾರಿಗೂ ತಿಳಿಯಬಾರದೆಂಬ ಕಾನೂನನ್ನು ನಮ್ಮ ಊರಿನಲ್ಲಿ ಇಷ್ಟು ಪೂರ್ಣವಾಗಿ ಪಾಲಿಸಿದವರು ಅವರೊಬ್ಬರೇ ಇರಬೇಕು.

ಅಕ್ಕ ಏನಾದರೂ ಚುಚ್ಚುತ್ತಾಳೆಂದು ಕಾದೆ. ಅವಳು ಆ ಕೈಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಹೋಗಿ ಅವನಿಗೆ ಹೇಳಿ" ಎಂದಳು. "ಹೇಳ್ದೆ ಇದ್ರೆ ನೀವು ಊಟ ಮಾಡಲ್ಲ. ನಿಮ್ಗೆ ಬಡಿಸ್ದೆ ನಂಗೂ ಅಭ್ಯಾಸ ಇಲ್ಲ."

ಒಬ್ಬರೇ ಹೋಗಲು ಧೈರ್ಯವಿಲ್ಲದೆ ನನ್ನನ್ನೂ ಎಳೆದುಕೊಂಡು ಹೋದರು. ಕಿತ್ತೋಸ ತಿಗರಿಯ ಮುಂದೆ ಕುಳಿತಿದ್ದ. ಭಾವನವರು ನಿಂತುಕೊಂಡೇ ಹೇಳಿದರು. ಗಂಟಲು ಸರಿಮಾಡಿಕೊಳ್ಳಲಿಲ್ಲ. ಜಾಡಿ ತೆಗೆದುಕೊಂಡದ್ದು, ಹಾವುಮೀನು ತಿಂದದ್ದು, ಬಿಲ್ಲೆ ಬಿದ್ದದ್ದು, ಯಾವುದನ್ನೂ ಬಿಡಲಿಲ್ಲ. "ನಿನ್ನ ಆವಿಗೇನ ನಾನೇ ಮುಳುಗಿಸ್ತಿದ್ನೋ ಏನೋ ಕಿತ್ತೋಸ. ಉಳಿಸಿದವ್ರು ಬೇರೆ ನೂರ ಒಂದು ಜನ ಇರ್ಬಹುದು" ಎಂದರು.

ಕಿತ್ತೋಸ ತಿಗರಿ ನಿಲ್ಲಿಸಿದ.

"ಆ ಆವಿಗೇನ ನಾನೇ ಉಳಿಸ್ದೆ ಅಂತ ಇಲ್ಲೀವರ್ಗೂ ನೂರ ಅರವತ್ತು ಜನ ಬಂದು ಹೇಳೋಗವ್ರೆ ಅಣ್ಣ. ಗಟ್ಟಿ ಬಿದ್ದಿದ್ದೇ ನೂರ ಒಂದು. ಗೊತ್ತಿಲ್ಲ ಅಂದೋನು ನೀನೊಬ್ನೇ."

"ನಾಚಿಕೆ ಆಗುತ್ತಪ್ಪ."

"ಕೂತ್ಕೋ." ಕಿತ್ತೋಸ ಕೈ ತೊಳೆದುಕೊಂಡ. ತೊಳೆದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದ. "ನಾನೂ ಒಂದ್ ಮಾತು ಹೇಳ್ತೀನಿ. ಅವತ್ತು ಗಾಳಿ ಎದ್ದಾಗ ಆವಿಗೆ ಬಾಯಿ ಮುಚ್ಬೇಕಿತ್ತು. ಮುಚ್ಚಿದ್ನೋ ಇಲ್ವೋ ಜ್ಞಾಪ್ಕ ಇಲ್ಲ. ಹೆಂಡ್ತಿಗೂ ಹೇಳಿಲ್ಲ. ಆ ಕಿಡಿ ನಂದೋ ಅಲ್ವೋ, ನಂಗೂ ಗೊತ್ತಿಲ್ಲ ಅಣ್ಣ."

ಮಾಡಿದವನಿಗೆ ಗೊತ್ತಿಲ್ಲ, ತೀರ್ಪು ಕೊಟ್ಟವನಿಗೆ ಗೊತ್ತಿಲ್ಲ, ಆದರೂ ತೀರ್ಪು ಆಗಿಹೋಗಿದೆ. ದಿಕಾಸ್ತೆಸ್ ಎಂದರೆ ನ್ಯಾಯ ತಿಳಿದವನು ಎಂದು ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ. ತಿಳಿಯದಿದ್ದರೂ ಬಿಲ್ಲೆ ಹಿಡಿದು ಕೊಡದ ಬಳಿ ಹೋಗಿ ನಿಲ್ಲಲೇಬೇಕಾದವನು ಎಂದೂ ಆಗಬಹುದು. ಭಾವನವರಿಗೆ ಹಾಗೆ ಹೇಳೋಣವೆನಿಸಿತು. ಅವರು ಆಗಲೇ ಆವಿಗೆಯ ಹಿಂದಿನ ಆ ಕರಕಲು ಮಾಳಿಗೆಯನ್ನು ನೋಡುತ್ತಿದ್ದರು.

"ಹೆಂಚು ಸುಡೋಕೆ ಬರುತ್ತಾ ನಿಂಗೆ?" ಎಂದು ಕಿತ್ತೋಸನನ್ನು ಕೇಳಿದರು.

"ಮಣ್ಣಿಂದು ಏನ್ ಬೇಕಾದ್ರೂ ಬರುತ್ತೆ."

"ಜೊಂಡಿಗಾದ್ರೆ ಬೆಂಕಿ ಹತ್ಕೊಳ್ಳುತ್ತೆ. ಹೆಂಚಿಗೆ ಹತ್ಕೊಳಲ್ಲ."

ಎಂಟು ದಿನಗಳ ನಂತರ ನಾವು ಮೂವರು ಹೆಂಚು ಹೊತ್ತುಕೊಂಡು ಅಂಫಿಯಾಸನ ಅಂಗಳಕ್ಕೆ ಹೋದೆವು. ಭಾವನವರು ಗೋಡೆಗೆ ಏಣಿ ಚಾಚಿ, ಮೊದಲ ಹೊರೆ ಹೆಗಲಿಗೇರಿಸಿ ಹತ್ತತೊಡಗಿದರು. ಅಂಫಿಯಾಸ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತ.

"ಇದೇನು? ಗೆದ್ದವರು ನೀವು. ತಪ್ಪಿಲ್ಲ ಅಂತ ಅಷ್ಟು ಜನ ಹೇಳಿದ್ಮೇಲೆ ಈಗ ಹೆಂಚು ಯಾಕೆ? ಊರಿನ ಮುಂದೆ ನಾನು ನಿಮ್ಮ ದಾನ ತಗೊಂಡೋನು ಅನ್ನಿಸ್ಕೋಬೇಕಾ?"

ಕಿತ್ತೋಸ ಅಭ್ಯಾಸಬಲದಿಂದ ಏಣಿಯ ಮೇಲಿದ್ದ ಭಾವನವರನ್ನು ನೋಡಿದ. ಭಾವನವರು ಅರ್ಧ ಏಣಿಯಲ್ಲೇ ನಿಂತರು. ಹೊರೆಯ ಭಾರಕ್ಕೆ ಏಣಿ ಅಲುಗುತ್ತಿತ್ತು.

"ಅವನು ಗೆದ್ದಿದ್ದು ನಿಜ ಅಂಫಿಯಾಸ್" ಎಂದರು. "ನಿನ್ನ ಸೂರು ಸುಟ್ಟಿದ್ದೂ ನಿಜ."

ಅಂಫಿಯಾಸ ಒಮ್ಮೆ ಸೂರನ್ನೂ ಒಮ್ಮೆ ಕಿತ್ತೋಸನನ್ನೂ ನೋಡಿದ. ಆಮೇಲೆ ಅಂಗಳಕ್ಕೆ ಇಳಿದು ಬಂದು, ಏಣಿಯ ಬುಡವನ್ನು ಗಟ್ಟಿಯಾಗಿ ಹಿಡಿದುಕೊಂಡ.